ಸೋರುವ ಅನಿಲ ಹಿಡಿದರೆ ಕಂಪನಿಗೇ ಲಾಭವಂತೆ, ಹಾಗಾದರೆ ಮೀಥೇನ್‌ಗೆ ಕಾನೂನು ಯಾಕೆ ಬೇಕು?

ಪ್ರಶ್ನೆಗಾರ

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯವರು ವರ್ಷಗಳಿಂದ ಒಂದೇ ರಾಗ ಹಾಡುತ್ತಿದ್ದಾರೆ. ತೈಲ ಮತ್ತು ಅನಿಲ ಉದ್ಯಮದಿಂದ ವರ್ಷಕ್ಕೆ ಸುಮಾರು 8 ಕೋಟಿ ಟನ್ ಮೀಥೇನ್ (ನೈಸರ್ಗಿಕ ಅನಿಲದ ಮುಖ್ಯ ಅಂಶ, ಭೂಮಿಯನ್ನು ಬಿಸಿ ಮಾಡುವ ಅನಿಲ) ಗಾಳಿಗೆ ಹೋಗುತ್ತಿದೆ, ಹೆಚ್ಚುಕಡಿಮೆ ಮುಕ್ಕಾಲು ಪಾಲನ್ನು ಈಗಿರುವ ಸಲಕರಣೆಗಳಿಂದಲೇ ತಡೆಯಬಹುದು, ಅದರಲ್ಲೂ ಒಂದು ದೊಡ್ಡ ಭಾಗಕ್ಕೆ ನಿವ್ವಳ ಖರ್ಚೇ ಇಲ್ಲ, ಹಿಡಿದ ಅನಿಲ ಮಾರಿದರೆ ಹಾಕಿದ ದುಡ್ಡು ವಾಪಸ್ ಬರುತ್ತದೆ ಅಂತ.

ನನಗೆ ಇಲ್ಲೇ ಗೊಂದಲ. ಲಾಭ ಇದ್ದರೆ ಕಂಪನಿಗಳು ಸುಮ್ಮನೆ ಬಿಡುತ್ತವಾ? ಒಂದು ಬ್ಯಾರಲ್ ತೈಲಕ್ಕಾಗಿ ಸಮುದ್ರದ ತಳ ಕೊರೆಯುವ ಜನ ಕಣ್ಣೆದುರು ಹಾರಿಹೋಗುವ ಅನಿಲ ನೋಡಿಕೊಂಡು ಕೂತಿರುತ್ತಾರೆ ಅಂದರೆ ನಂಬಲಾಗುತ್ತಿಲ್ಲ. ಒಂದೋ ಈ ಲಾಭದ ಲೆಕ್ಕ ಸುಳ್ಳು, ಇಲ್ಲವೋ ನನಗೆ ಕಾಣದ್ದು ಏನೋ ಇದೆ. ಅತ್ತ ಅಮೆರಿಕದಲ್ಲಿ ಒಂದು ಸರ್ಕಾರ ನಿಯಮ ಮಾಡುತ್ತದೆ, ಮುಂದಿನದು ಬಂದು ಕಿತ್ತುಹಾಕುತ್ತದೆ. ಬಲ್ಲವರು ಬಿಡಿಸಿ ಹೇಳಿ.

ಜಮಾಖರ್ಚು

ಲೆಕ್ಕ ಸುಳ್ಳಲ್ಲ, ಆದರೆ ಅದು ಇಡೀ ಉದ್ಯಮದ ಸರಾಸರಿ ಲೆಕ್ಕ. ಬಾವಿಯ ಪಕ್ಕ ನಿಂತವನ ಲೆಕ್ಕ ಬೇರೆ.

ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೋ ನಡುವೆ ಹರಡಿರುವ ಪರ್ಮಿಯನ್ ಪ್ರದೇಶವನ್ನೇ ತಗೊಳ್ಳಿ. ಅಲ್ಲಿ ಬಾವಿ ಕೊರೆಯುವುದು ತೈಲಕ್ಕಾಗಿ. ಅನಿಲ ಅದರ ಜೊತೆಗೆ ಬೇಡವೆಂದರೂ ಬರುತ್ತದೆ. ಅದನ್ನು ಸಾಗಿಸಲು ಪೈಪ್‌ಲೈನ್ ಸಾಲದು. 2024ರಲ್ಲಿ ಅಲ್ಲಿನ ವಾಹಾ ಎಂಬ ವಹಿವಾಟು ಕೇಂದ್ರದಲ್ಲಿ ಅನಿಲದ ಬೆಲೆ ಎಷ್ಟೋ ದಿನ ಸೊನ್ನೆಗಿಂತ ಕೆಳಗಿತ್ತು. ಅಂದರೆ ಮಾರುವವನೇ ಕೊಳ್ಳುವವನಿಗೆ ಕಾಸು ಕೊಟ್ಟು "ತಗೊಂಡು ಹೋಗಪ್ಪಾ" ಅನ್ನುವ ಸ್ಥಿತಿ. ಅಂಥ ದಿನ ಸೋರಿಕೆ ನಿಲ್ಲಿಸಿದರೆ ಆದಾಯ ಎಲ್ಲಿಂದ ಬರಬೇಕು?

ಎರಡನೆಯದು, ಪೈಪ್‌ಲೈನ್ ಕಂಪನಿಗೂ ಒಳಗಿನ ಅನಿಲಕ್ಕೂ ಬಹಳ ಕಡೆ ಒಡೆತನದ ಸಂಬಂಧವೇ ಇರುವುದಿಲ್ಲ. ಅದು ಸಾಗಣೆ ಕೂಲಿ ಪಡೆಯುವ ಕಂಪನಿ. ದಾರಿಯಲ್ಲಿ ಕಡಿಮೆಯಾದ ಅನಿಲದ ನಷ್ಟ ದರದಲ್ಲಿ ಸೇರಿಕೊಂಡು ಬೇರೆಯವರ ತಲೆಗೆ ಹೋಗುತ್ತದೆ. ದುರಸ್ತಿಯ ಖರ್ಚು ಇವನದು, ಉಳಿತಾಯ ಇನ್ನೊಬ್ಬನದು.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೋರಿಕೆ ತಡೆಗೆ ಹಾಕಿದ ದುಡ್ಡಿಗೆ ಒಂದಿಷ್ಟು ಲಾಭ ಬರುತ್ತದೆ ಅನ್ನೋಣ, ಅದೇ ದುಡ್ಡನ್ನು ಹೊಸ ಬಾವಿಗೆ ಹಾಕಿದರೆ ಅದರ ಎರಡು ಮೂರು ಪಟ್ಟು ಬರುವ ಅಂದಾಜಿದ್ದರೆ ಆಡಳಿತ ಮಂಡಳಿ ಯಾವುದಕ್ಕೆ ಸಹಿ ಹಾಕುತ್ತದೆ? ಲಾಭ ಇದ್ದರಷ್ಟೇ ಸಾಲದು, ಪಕ್ಕದ ಕೆಲಸಕ್ಕಿಂತ ಹೆಚ್ಚು ಲಾಭ ಇರಬೇಕು. ಕಾನೂನು ಬೇಕಾಗುವುದು ಈ ಮೂರು ಸಂದಿಗಳಲ್ಲಿ.

ಒಣಮಾತು

ಎಲ್ಲಾ ಸರಿ ಸ್ವಾಮಿ, ಆದರೆ ಮೀಥೇನ್ ಗಾಳಿಯಲ್ಲಿ ಇರುವುದೇ ಹನ್ನೆರಡು ವರ್ಷ. ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಇರುತ್ತದೆ. ಅದರ ಮೇಲೆ ದನಕರು, ಭತ್ತದ ಗದ್ದೆ, ಕಸದ ರಾಶಿ, ಜೌಗು ಭೂಮಿ ಎಲ್ಲದರಿಂದಲೂ ಬರುತ್ತದೆ. ತೈಲ ಕಂಪನಿಗಳನ್ನೇ ಯಾಕೆ ಹಿಡಿದುಕೊಂಡಿದ್ದೀರಿ? ಇನ್ನೊಂದು, ಒಬ್ಬರು ಮೀಥೇನ್ 28 ಪಟ್ಟು ಕೆಟ್ಟದ್ದು ಅಂತಾರೆ, ಇನ್ನೊಬ್ಬರು 80 ಪಟ್ಟು ಅಂತಾರೆ. ಯಾರಿಗೆ ಯಾವುದು ಬೇಕೋ ಆ ಅಂಕಿ.

ಗಾಳಿಮಾಪಕ

ಎರಡೂ ಅಂಕಿ ಸರಿಯೇ, ಅವಧಿ ಬೇರೆ. 100 ವರ್ಷಕ್ಕೆ ಹರಡಿ ನೋಡಿದರೆ ಒಂದು ಟನ್ ಮೀಥೇನ್ ಸುಮಾರು 30 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. 20 ವರ್ಷಕ್ಕೆ ನೋಡಿದರೆ 80ಕ್ಕೂ ಹೆಚ್ಚು. ಬೇಗ ಒಡೆದುಹೋಗುತ್ತದೆ ಅನ್ನುವುದು ಅದನ್ನು ಬಿಟ್ಟುಬಿಡಲು ಕಾರಣವಲ್ಲ, ಮೊದಲು ಹಿಡಿಯಲು ಕಾರಣ. ಇವತ್ತು ಕಡಿಮೆ ಮಾಡಿದರೆ ಫಲ ನಮ್ಮ ಕಾಲದಲ್ಲೇ ಕಾಣುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಶತಕೋಟಿ ಅಣುಗಳಲ್ಲಿ 720ರ ಆಸುಪಾಸು ಇದ್ದ ಮೀಥೇನ್ ಈಗ 1900 ದಾಟಿದೆ. ಈವರೆಗಿನ ತಾಪ ಏರಿಕೆಯಲ್ಲಿ ಸುಮಾರು ಶೇ 30ರಷ್ಟು ಇದರ ಪಾಲು.

ದನ ಮತ್ತು ಗದ್ದೆಯ ವಿಷಯ ನೀವು ಹೇಳಿದ್ದು ನಿಜ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2021ರ ವರದಿ ಪ್ರಕಾರ ಮನುಷ್ಯರಿಂದಾಗುವ ಮೀಥೇನ್‌ನಲ್ಲಿ ಕೃಷಿ ಸುಮಾರು ಶೇ 40, ಕಲ್ಲಿದ್ದಲು ಸೇರಿ ಪಳೆಯುಳಿಕೆ ಇಂಧನ ಶೇ 35, ತ್ಯಾಜ್ಯ ಶೇ 20. ಆದರೆ ಕೋಟ್ಯಂತರ ಸಣ್ಣ ರೈತರ ಬೇಸಾಯ ಬದಲಿಸುವುದಕ್ಕೂ ಅನಿಲವನ್ನು ಒತ್ತಿ ಪೈಪಿಗೆ ತಳ್ಳುವ ಒಂದು ಕಂಪ್ರೆಸರ್‌ನ ಸೀಲ್ ಬದಲಿಸುವುದಕ್ಕೂ ವ್ಯತ್ಯಾಸ ಇಲ್ಲವೇ? ಮೊದಲು ಸುಲಭದ್ದನ್ನು ಹಿಡಿಯುತ್ತಾರೆ, ಅಷ್ಟೇ.

ಸ್ಪ್ಯಾನರ್

ಕಂಪ್ರೆಸರ್ ಸೀಲ್ ಮಾತು ಬಂತಲ್ಲ, ನಾನೂ ಬಾಯಿ ಹಾಕುತ್ತೇನೆ. ಅನಿಲ ಕ್ಷೇತ್ರಗಳಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡಿದವನು ನಾನು. "ಸೋರಿಕೆ" ಅಂದಾಗ ಜನ ಒಡೆದ ಪೈಪ್ ಕಲ್ಪಿಸಿಕೊಳ್ಳುತ್ತಾರೆ. ಬಹುಪಾಲು ಹಾಗಲ್ಲ. ಎಷ್ಟೋ ಅನಿಲ ಹೊರಗೆ ಹೋಗುವುದು ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರುವಾಗಲೇ, ಅದನ್ನು ಹಾಗೆಯೇ ವಿನ್ಯಾಸ ಮಾಡಿರುವುದರಿಂದ.

ಉದಾಹರಣೆಗೆ ನ್ಯೂಮ್ಯಾಟಿಕ್ ಕಂಟ್ರೋಲರ್. ಕರೆಂಟ್ ಇಲ್ಲದ ಬಯಲಿನಲ್ಲಿ ಬಾವಿ. ಟ್ಯಾಂಕಿನಲ್ಲಿ ದ್ರವದ ಮಟ್ಟ ಏರಿದರೆ ವಾಲ್ವ್ ತೆಗೆಯಬೇಕು, ಇಳಿದರೆ ಮುಚ್ಚಬೇಕು. ಅದಕ್ಕೆ ಒತ್ತಡ ಬೇಕು. ಒತ್ತಡ ಎಲ್ಲಿದೆ? ಬಾವಿಯಿಂದ ಬರುವ ಅನಿಲದಲ್ಲೇ ಇದೆ. ಅದನ್ನೇ ಬಳಸಿ ವಾಲ್ವ್ ಆಡಿಸಿ, ಆಮೇಲೆ ಗಾಳಿಗೆ ಬಿಡು. ಹಗಲೂ ರಾತ್ರಿ ಪುಸ್ ಪುಸ್ ಅಂತ. ಒಂದೊಂದೂ ಸಣ್ಣದು, ಆದರೆ ದೇಶ ತುಂಬ ಲಕ್ಷಗಟ್ಟಲೆ ಇವೆ. ಅಮೆರಿಕದ ಉತ್ಪಾದನಾ ಕ್ಷೇತ್ರದ ಅತಿ ದೊಡ್ಡ ಮೂಲಗಳಲ್ಲಿ ಇದೂ ಒಂದು. ಯಾರೂ ಏನೂ ಕೆಡಿಸಿಲ್ಲ, ಯಾರ ತಪ್ಪೂ ಇಲ್ಲ, ಅದಕ್ಕೇ ಯಾರೂ ದುರಸ್ತಿಯನ್ನೂ ಮಾಡುವುದಿಲ್ಲ.

ಇನ್ನು ಟ್ಯಾಂಕ್ ಮೇಲಿನ ಮುಚ್ಚಳ. ಅಳತೆ ತೆಗೆಯಲು ಹತ್ತಿದವನು ಸರಿಯಾಗಿ ಮುಚ್ಚದೆ ಇಳಿದರೆ ಮುಂದಿನವನು ಹತ್ತುವ ತನಕ ಬಾಯಿ ತೆರೆದೇ ಇರುತ್ತದೆ. ಪಿಸ್ಟನ್ ಇರುವ ಕಂಪ್ರೆಸರ್‌ನಲ್ಲಿ ಆಡುವ ರಾಡ್ ಸುತ್ತ ಅನಿಲ ತಡೆಯುವ ಪ್ಯಾಕಿಂಗ್ ಸವೆದಷ್ಟೂ ಹೆಚ್ಚು ಬಿಡುತ್ತದೆ. ದುರಸ್ತಿಗೆ ಮುಂಚೆ ಪೈಪ್‌ನ ಒಂದು ಭಾಗ ಖಾಲಿ ಮಾಡುವುದಿದೆ, ಬ್ಲೋಡೌನ್ ಅಂತಾರೆ, ಅರ್ಧ ಗಂಟೆಯಲ್ಲಿ ಟನ್‌ಗಟ್ಟಲೆ ಹೊರಗೆ.

ಕೊನೆಗೆ ಫ್ಲೇರ್, ಅಂದರೆ ಬೇಡದ ಅನಿಲ ಸುಡುವ ಎತ್ತರದ ಕೊಳವೆ. ಕಾಗದದ ಮೇಲೆ ಫ್ಲೇರ್‌ಗೆ ಹೋದ ಮೀಥೇನ್‌ನಲ್ಲಿ ಶೇ 98 ಉರಿದುಹೋಯಿತು ಅಂತ ಬರೆದುಕೊಳ್ಳುತ್ತಾರೆ. 2022ರಲ್ಲಿ ವಿಮಾನದಲ್ಲಿ ಹಾರಿ ಅಳೆದ ಸಂಶೋಧಕರಿಗೆ ಅಮೆರಿಕದ ಮೂರು ದೊಡ್ಡ ಕ್ಷೇತ್ರಗಳಲ್ಲಿ ಸಿಕ್ಕಿದ್ದು ಶೇ 91ರ ಆಸುಪಾಸು. ಕೆಲವು ಫ್ಲೇರ್‌ಗಳಲ್ಲಿ ಬೆಂಕಿಯೇ ಇರಲಿಲ್ಲ, ಗಾಳಿಗೆ ಆರಿಹೋಗಿ ಸುಮ್ಮನೆ ಮೀಥೇನ್ ಉಗುಳುತ್ತಿದ್ದವು. ಆರಿದ ಫ್ಲೇರ್ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ, ಮೀಥೇನ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮನೆ ಅನಿಲಕ್ಕೆ ಬರುವ ಆ ಕೆಟ್ಟ ವಾಸನೆ ಆಮೇಲೆ ಬೆರೆಸಿದ್ದು.

ಪ್ರಶ್ನೆಗಾರ

ಸ್ಪ್ಯಾನರ್ ಅವರೇ, ಹಾಗಾದರೆ ಸುದ್ದಿಯಲ್ಲಿ ಬರುವ ದೊಡ್ಡ ಅವಘಡಗಳು? ರಷ್ಯಾದಿಂದ ಜರ್ಮನಿಗೆ ಸಮುದ್ರದಡಿ ಹಾಕಿದ್ದ ನಾರ್ಡ್ ಸ್ಟ್ರೀಮ್ ಪೈಪ್‌ಲೈನ್ ಸ್ಫೋಟ, ಕ್ಯಾಲಿಫೋರ್ನಿಯಾದ ಅಲಿಸೊ ಕ್ಯಾನ್ಯನ್. ಸಮಸ್ಯೆ ಅವುಗಳದ್ದೇ ಅಂದುಕೊಂಡಿದ್ದೆ.

ಗಾಳಿಮಾಪಕ

ಇದಕ್ಕೆ ನಾನು ಉತ್ತರಿಸುತ್ತೇನೆ, ನನಗೆ ಬಹಳ ಇಷ್ಟದ ಲೆಕ್ಕ ಇದು.

ಅಲಿಸೊ ಕ್ಯಾನ್ಯನ್‌ನ ನೆಲದಡಿಯ ಸಂಗ್ರಹಾಗಾರದ ಒಂದು ಬಾವಿ 2015ರ ಅಕ್ಟೋಬರ್‌ನಿಂದ 2016ರ ಫೆಬ್ರುವರಿ ತನಕ ಸೋರಿತು. ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಹೊರಬಿದ್ದದ್ದು ಸುಮಾರು 97,000 ಟನ್. ಆದರೆ 2015ರಲ್ಲಿ ಅಮೆರಿಕದ ಇಡೀ ತೈಲ-ಅನಿಲ ಸರಪಳಿ ಬಿಟ್ಟ ಮೀಥೇನ್ 1.3 ಕೋಟಿ ಟನ್ ಅಂತ 2018ರ ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ಅಂದರೆ ಆ ಮಹಾ ಅವಘಡ ಒಂದು ವರ್ಷದ ಮಾಮೂಲಿ ಸೋರಿಕೆಯ ನೂರರಲ್ಲಿ ಒಂದು ಪಾಲೂ ಅಲ್ಲ.

2022ರ ಸೆಪ್ಟೆಂಬರ್‌ನ ನಾರ್ಡ್ ಸ್ಟ್ರೀಮ್‌ನಿಂದ ಹೋದದ್ದು ಸುಮಾರು 4.65 ಲಕ್ಷ ಟನ್. ಒಂದೇ ಘಟನೆಯಲ್ಲಿ ದಾಖಲಾದ ಅತಿ ದೊಡ್ಡ ಪ್ರಮಾಣ. ಈಗ ಮೊದಲ ಪೋಸ್ಟಿನ 8 ಕೋಟಿ ಟನ್ನನ್ನು 365ರಿಂದ ಭಾಗಿಸಿ. ದಿನಕ್ಕೆ ಎರಡು ಲಕ್ಷ ಟನ್ ಮೇಲೆ ಬರುತ್ತದೆ. ಜಗತ್ತೇ ಬೆಚ್ಚಿಬಿದ್ದ ಆ ಸ್ಫೋಟ, ಉದ್ಯಮದ ಎರಡು ಮಾಮೂಲಿ ದಿನಗಳ ಹೊರಸೂಸುವಿಕೆಗೆ ಸಮ. ಕ್ಯಾಮೆರಾ ಅಲ್ಲಿಗೆ ಹೋಯಿತು, ಈ ಮಾಮೂಲಿ ದಿನಗಳನ್ನು ನೋಡಲು ಯಾರೂ ಹೋಗುವುದಿಲ್ಲ.

ಒಣಮಾತು

8 ಕೋಟಿ, 1.3 ಕೋಟಿ... ಇವೆಲ್ಲ ಯಾರು ಅಳೆದದ್ದು? ಬಾವಿ ಬಾವಿಗೂ ಮೀಟರ್ ಇದೆಯೇ?

ಗಾಳಿಮಾಪಕ

ಒಣಮಾತು ಅವರೇ, ಈ ಎಳೆಯಲ್ಲಿ ಈವರೆಗೆ ಬಂದ ಅತ್ಯುತ್ತಮ ಪ್ರಶ್ನೆ ನಿಮ್ಮದು. ಮೀಟರ್ ಇಲ್ಲ. ಇಡೀ ಜಗಳದ ಬೇರು ಅಲ್ಲೇ ಇರುವುದು.

ಕಂಪನಿಗಳು ಸರ್ಕಾರಕ್ಕೆ ಕೊಡುತ್ತಿದ್ದ ಲೆಕ್ಕ ಬಹುಪಾಲು ಗುಣಾಕಾರ. ಇಂಥ ಉಪಕರಣ ಸರಾಸರಿ ಇಷ್ಟು ಬಿಡುತ್ತದೆ ಅಂತ ಒಂದು ಗುಣಾಂಕ, ಅದರಲ್ಲಿ ಎಷ್ಟೋ 1990ರ ದಶಕದ ಅಧ್ಯಯನಗಳಿಂದ ಬಂದದ್ದು. ನಿಮ್ಮಲ್ಲಿ ಅಂಥವು ಎಷ್ಟಿವೆ? ಗುಣಿಸಿ ಬರೆಯಿರಿ, ಮುಗಿಯಿತು. ತೆರೆದುಬಿಟ್ಟ ಮುಚ್ಚಳಕ್ಕೂ ಆರಿದ ಫ್ಲೇರ್‌ಗೂ ಈ ಗುಣಾಕಾರದಲ್ಲಿ ಜಾಗವೇ ಇಲ್ಲ. ಅದಕ್ಕೇ ನಾನು ಹೇಳಿದ 2018ರ ಅಧ್ಯಯನ ಕೊಟ್ಟ ಅಂಕಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಅಧಿಕೃತ ಪಟ್ಟಿಗಿಂತ ಶೇ 60ರಷ್ಟು ಹೆಚ್ಚು. ಆಮೇಲೆ ವಿಮಾನದಿಂದ ಹನ್ನೆರಡು ಕ್ಷೇತ್ರಗಳ ಮೇಲೆ ಹಾರಿ ಅಳೆದು 2024ರಲ್ಲಿ ಪ್ರಕಟಿಸಿದ ಫಲಿತಾಂಶ ಇಪಿಎ ಅಂಕಿಯ ನಾಲ್ಕು ಪಟ್ಟಿನಷ್ಟಿತ್ತು.

ಅಳೆಯದೇ ಬರೆದ ಲೆಕ್ಕದ ಮೇಲೆ ನಿಯಮ ಕಟ್ಟಿದರೆ ಕಂಪನಿ ಗುಣಾಕಾರವನ್ನು ಸುಧಾರಿಸುತ್ತದೆ, ವಾಲ್ವನ್ನಲ್ಲ.

ಕಡತಪ್ರಿಯೆ

ನಿಯಮಗಳ ಕಥೆ ಕೇಳಿದ್ದರಲ್ಲ, ನನಗೆ ತಿಳಿದಷ್ಟು ಬರೆಯುತ್ತೇನೆ. ಸ್ವಲ್ಪ ಉದ್ದ, ತಾಳ್ಮೆ ಇರಲಿ.

ಅಮೆರಿಕದಲ್ಲಿ ಈ ಉದ್ಯಮದ ಮೀಥೇನ್‌ಗೆ ನೇರವಾಗಿ ಕೈಹಾಕಿದ ಮೊದಲ ರಾಜ್ಯ ಕೊಲೊರಾಡೊ, 2014ರಲ್ಲಿ. ಕೇಂದ್ರ ಮಟ್ಟದ ಮೊದಲ ನಿಯಮ 2016ರಲ್ಲಿ ಒಬಾಮಾ ಕಾಲದ್ದು, ಅದೂ ಹೊಸ ಮತ್ತು ಮಾರ್ಪಡಿಸಿದ ಘಟಕಗಳಿಗೆ ಮಾತ್ರ. 2020ರಲ್ಲಿ ಟ್ರಂಪ್ ಆಡಳಿತ ಅದರ ಮೀಥೇನ್ ಭಾಗ ತೆಗೆದುಹಾಕಿತು. ತಮಾಷೆ ಎಂದರೆ ಬಿಪಿ, ಶೆಲ್, ಎಕ್ಸಾನ್‌ನಂಥ ದೊಡ್ಡ ಕಂಪನಿಗಳು ಕೇಂದ್ರದ ಮೀಥೇನ್ ನಿಯಮ ಇರಲಿ ಅಂದಿದ್ದವು. ಪರೋಪಕಾರವೇನಲ್ಲ, "ಅನಿಲ ಕಲ್ಲಿದ್ದಲಿಗಿಂತ ಶುದ್ಧ" ಅನ್ನುವ ಅವರ ಮಾರಾಟದ ಮಾತೇ ಸೋರಿಕೆಯಿಂದ ಬಿದ್ದುಹೋಗುತ್ತದೆ. 2021ರ ಜೂನ್‌ನಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಆ ರದ್ದತಿಯನ್ನೇ ರದ್ದು ಮಾಡಿತು.

ಆಮೇಲೆ ಬಂದದ್ದು ನಿಜವಾದ ದೊಡ್ಡ ನಿಯಮ. 2023ರ ಡಿಸೆಂಬರ್‌ನಲ್ಲಿ ದುಬೈ ಹವಾಮಾನ ಸಮ್ಮೇಳನದಲ್ಲಿ ಘೋಷಿಸಿ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದರು. ಮೊದಲ ಬಾರಿಗೆ ಹಳೆಯ, ಈಗಾಗಲೇ ಇರುವ ಲಕ್ಷಾಂತರ ಘಟಕಗಳಿಗೂ ರಾಜ್ಯಗಳ ಮೂಲಕ ಮಿತಿ ಹಾಕುವ ವ್ಯವಸ್ಥೆ. ಸ್ಪ್ಯಾನರ್ ಸರ್ ಹೇಳಿದ ಕಂಟ್ರೋಲರ್‌ಗಳು ಮೀಥೇನ್ ಬಿಡದಂಥವೇ ಆಗಿರಬೇಕು. ಹೊಸ ತೈಲ ಬಾವಿಗಳಲ್ಲಿ ವಾಡಿಕೆಯ ಫ್ಲೇರಿಂಗ್ ಹಂತ ಹಂತವಾಗಿ ನಿಲ್ಲಬೇಕು. ಬಾವಿ ಮುಚ್ಚುವ ದಿನದವರೆಗೂ ಸೋರಿಕೆ ತಪಾಸಣೆ ನಡೆಯುತ್ತಿರಬೇಕು. ಜೊತೆಗೆ "ಮಹಾ ಸೋರಿಕೆ" ಕಾರ್ಯಕ್ರಮ: ಗಂಟೆಗೆ 100 ಕಿಲೋಗಿಂತ ಹೆಚ್ಚು ಬಿಡುವ ಜಾಗವನ್ನು ಇಪಿಎ ಮಾನ್ಯತೆ ಕೊಟ್ಟ ಹೊರಗಿನವರು ಉಪಗ್ರಹದಿಂದಲೋ ವಿಮಾನದಿಂದಲೋ ಕಂಡು ತಿಳಿಸಿದರೆ, ಸೂಚನೆ ತಲುಪಿದ ಐದು ದಿನದೊಳಗೆ ಕಂಪನಿ ತನಿಖೆ ಆರಂಭಿಸಿ ಹದಿನೈದು ದಿನದೊಳಗೆ ವರದಿ ಕೊಡಬೇಕು.

ಇದರ ಪಕ್ಕದಲ್ಲೇ 2022ರ ಹಣದುಬ್ಬರ ಇಳಿಕೆ ಕಾಯ್ದೆಯಲ್ಲಿ ಒಂದು ಶುಲ್ಕ ಇತ್ತು. ನಿಗದಿತ ಮಿತಿ ಮೀರಿದ ಪ್ರತಿ ಟನ್ ಮೀಥೇನ್‌ಗೆ 2024ಕ್ಕೆ 900 ಡಾಲರ್, 2025ಕ್ಕೆ 1,200, 2026ರಿಂದ 1,500. ಎಲ್ಲರಿಗೂ ಅಲ್ಲ, ದೊಡ್ಡ ಘಟಕಗಳಿಗೆ ಮಾತ್ರ. ಇಪಿಎ ನಿಯಮ ಪಾಲಿಸುವವರಿಗೆ ವಿನಾಯಿತಿ.

2025ರಲ್ಲಿ ಏನಾಯಿತು? ಮಾರ್ಚ್‌ನಲ್ಲಿ ಶುಲ್ಕ ವಸೂಲಿಯ ನಿಯಮ ಬಿತ್ತು, ಜುಲೈನ ಕಾಯ್ದೆಯಲ್ಲಿ ಶುಲ್ಕವನ್ನೇ 2034ಕ್ಕೆ ಮುಂದೂಡಿದರು. 2024ರ ನಿಯಮ ಪುಸ್ತಕದಲ್ಲಿ ಉಳಿಯಿತು, ಅದರ ಗಡುವುಗಳು ಮುಂದೆ ಹೋದವು, ನಿಯಮವನ್ನೇ ಮರುಪರಿಶೀಲಿಸುತ್ತೇವೆ ಎಂದರು. ಸೆಪ್ಟೆಂಬರ್‌ನಲ್ಲಿ ಹಸಿರುಮನೆ ಅನಿಲಗಳ ವರದಿ ಕೊಡುವ ಕಟ್ಟುಪಾಡನ್ನೇ ಬಹುಪಾಲು ತೆಗೆಯುವ ಪ್ರಸ್ತಾವ ಬಂತು. ಮಿತಿ ಸಡಿಲಿಸಿದ್ದಕ್ಕಿಂತ ನನಗೆ ಇದೇ ಹೆಚ್ಚು ಚಿಂತೆ. ಗುಣಾಕಾರದ ಲೆಕ್ಕ ಕೆಟ್ಟದ್ದಿರಬಹುದು, ಲೆಕ್ಕವೇ ಇಲ್ಲದಿದ್ದರೆ ತಪ್ಪು ಅಂತ ತೋರಿಸಲಿಕ್ಕೂ ಏನೂ ಉಳಿಯುವುದಿಲ್ಲ.

ನಿರ್ವಾಹಕ

ಪಕ್ಷ ರಾಜಕೀಯದ ಎರಡು ಕಾಮೆಂಟ್ ತೆಗೆದಿದ್ದೇನೆ. ನಿಯಮದ ಬಗ್ಗೆ ಎಷ್ಟಾದರೂ ಜಗಳಾಡಿ, ವ್ಯಕ್ತಿಗಳ ಬಗ್ಗೆ ಬೇಡ.

ಒಣಮಾತು

ತೆಗೆದದ್ದರಲ್ಲಿ ಒಂದು ನನ್ನದು. ಇರಲಿ.

ಈ ಮಹಾ ಸೋರಿಕೆ ಕಾರ್ಯಕ್ರಮ ನನಗೆ ಸರಿ ಕಾಣುತ್ತಿಲ್ಲ. ಯಾರೋ ಮೂರನೆಯವರು ಆಕಾಶದಿಂದ ಚಿತ್ರ ತೆಗೆದು ಬೆರಳು ತೋರಿಸುತ್ತಾರೆ, ಕಂಪನಿ ಐದು ದಿನದಲ್ಲಿ ಓಡಬೇಕು. ಚಿತ್ರ ತಪ್ಪಾಗಿದ್ದರೆ? ಅವರು ನೋಡಿದ ಹೊತ್ತಿಗೆ ನಡೆದದ್ದು ಅನುಮತಿ ಪಡೆದ ಬ್ಲೋಡೌನ್ ಆಗಿದ್ದರೆ? ಸಣ್ಣ ಕಂಪನಿಗಳಿಗೆ ವಕೀಲರ ಖರ್ಚು ಯಾರು ಕೊಡುತ್ತಾರೆ?

ಗಾಳಿಮಾಪಕ

ನ್ಯಾಯವಾದ ಆತಂಕ. ಆದರೆ ಸೂಚನೆ ಬಂದ ಕೂಡಲೇ ದಂಡವಲ್ಲ. ಮೊದಲು ಇಪಿಎ ಆ ಮಾಹಿತಿ ಪರಿಶೀಲಿಸುತ್ತದೆ, ಆಮೇಲೆ ಕಂಪನಿಗೆ ಕಳಿಸುತ್ತದೆ, ಕಂಪನಿ ಹೋಗಿ ನೋಡಿ ಏನು ಕಂಡಿತು ಅಂತ ಬರೆಯುತ್ತದೆ. ಅನುಮತಿಯ ಬ್ಲೋಡೌನ್ ಆಗಿದ್ದರೆ ಹಾಗೇ ಬರೆಯಲಿ.

ನನ್ನ ತಕರಾರು ಉಲ್ಟಾ ದಿಕ್ಕಿನದು. ಆಕಾಶದ ಕಣ್ಣಿಗೆ ದೊಡ್ಡ ಸೋರಿಕೆ ಮಾತ್ರ ಕಾಣುತ್ತದೆ. ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹ 2017ರಿಂದ ಇಡೀ ಭೂಮಿಯನ್ನು ದಿನವೂ ನೋಡುತ್ತಿದೆ, ಆದರೆ ಗಂಟೆಗೆ ಟನ್‌ಗಟ್ಟಲೆ ಬಿಟ್ಟರಷ್ಟೇ ಅದಕ್ಕೆ ಗೊತ್ತಾಗುವುದು. ಕೆನಡಾದ ಜಿಎಚ್‌ಜಿಸ್ಯಾಟ್ ಚಿಕ್ಕ ಜಾಗವನ್ನು ಚೂಪಾಗಿ ನೋಡುತ್ತದೆ, ಆದರೆ ಎಲ್ಲಿ ನೋಡಬೇಕೆಂದು ಮೊದಲೇ ಹೇಳಬೇಕು. ಇವೆರಡರ ನಡುವಿನ ಕಂದಕ ತುಂಬಲು 2024ರ ಮಾರ್ಚ್‌ನಲ್ಲಿ ಮೀಥೇನ್‌ಸ್ಯಾಟ್ ಹಾರಿಸಿದರು, ಒಂದು ಪರಿಸರ ಸಂಘಟನೆಯೇ ಮುಂದೆ ನಿಂತು ಕಟ್ಟಿಸಿದ್ದು. ಹರಡಿಕೊಂಡ ಸಣ್ಣ ಸಣ್ಣ ಮೂಲಗಳ ಒಟ್ಟು ಮೊತ್ತ ಹಿಡಿಯುವುದು ಅದರ ಕೆಲಸ. 2025ರ ಜೂನ್‌ನಲ್ಲಿ ಸಂಪರ್ಕ ಕಡಿದುಹೋಯಿತು, ಮತ್ತೆ ಸಿಗಲಿಲ್ಲ. ಈ ಕ್ಷೇತ್ರಕ್ಕೆ ದೊಡ್ಡ ಹೊಡೆತ, ಯಾಕೆಂದರೆ ಅಮೆರಿಕದ ತೈಲ-ಅನಿಲ ಮೀಥೇನ್‌ನಲ್ಲಿ ಸುಮಾರು ಶೇ 70 ಗಂಟೆಗೆ 100 ಕಿಲೋಗಿಂತ ಕಡಿಮೆ ಬಿಡುವ ಜಾಗಗಳಿಂದಲೇ ಬರುತ್ತದೆ ಅನ್ನುವ ಅಂದಾಜಿದೆ. ಮಹಾ ಸೋರಿಕೆಯ ನಿಯಮ ಒಂದನ್ನೇ ನಂಬಿಕೊಂಡರೆ ಅದಷ್ಟೂ ಜಾರಿಹೋಗುತ್ತದೆ.

ಕಂಡದ್ದನ್ನು ಹೇಳಿದರೆ ಯಾರಾದರೂ ಕೇಳುತ್ತಾರಾ ಅನ್ನುವುದು ಬೇರೆ ಮಾತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಉಪಗ್ರಹದಲ್ಲಿ ಕಂಡ ದೊಡ್ಡ ಸೋರಿಕೆಗಳನ್ನು ಆಯಾ ಸರ್ಕಾರ ಮತ್ತು ಕಂಪನಿಗೆ ತಿಳಿಸುತ್ತದೆ. 2024ರ ವರದಿ ಪ್ರಕಾರ 1,200 ಎಚ್ಚರಿಕೆಗಳಲ್ಲಿ ಉತ್ತರ ಸಿಕ್ಕಿದ್ದು ಶೇ 1ಕ್ಕೆ. ಮುಂದಿನ ವರ್ಷ ಅದು ಶೇ 12ಕ್ಕೆ ಏರಿತು. ಏರಿದ್ದು ಸಂತೋಷ, ಆದರೂ ಹತ್ತರಲ್ಲಿ ಒಂಬತ್ತು ಪತ್ರಕ್ಕೆ ಸುಮಾರಾಗಿ ಉತ್ತರವೇ ಇಲ್ಲ.

ಜಮಾಖರ್ಚು

ಉತ್ತರ ಕೊಡದಿದ್ದರೆ ಏನೂ ಆಗುವುದಿಲ್ಲವಲ್ಲ, ಮತ್ಯಾಕೆ ಕೊಡುತ್ತಾರೆ? 2021ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ಜಾಗತಿಕ ಮೀಥೇನ್ ಪ್ರತಿಜ್ಞೆಯೂ ಇದೇ ಜಾತಿಯದು. 2020ಕ್ಕೆ ಹೋಲಿಸಿ 2030ರೊಳಗೆ ಶೇ 30 ಇಳಿಸುತ್ತೇವೆ ಅಂತ 150ಕ್ಕೂ ಹೆಚ್ಚು ದೇಶಗಳು ಸಹಿ ಹಾಕಿವೆ. ಚೀನಾ, ರಷ್ಯಾ, ಭಾರತ ಹಾಕಿಲ್ಲ. ಹಾಕಿದವರಿಗೂ ತಪ್ಪಿದರೆ ಶಿಕ್ಷೆ ಇಲ್ಲ. ತುರ್ಕ್‌ಮೆನಿಸ್ತಾನ್ 2023ರಲ್ಲಿ ಸೇರಿತು, ಉಪಗ್ರಹದ ಚಿತ್ರಗಳಲ್ಲಿ ಜಗತ್ತಿನ ಅತಿ ದೊಡ್ಡ ಸೋರಿಕೆಗಳು ಮತ್ತೆ ಮತ್ತೆ ಕಂಡ ದೇಶ ಅದು.

ನನ್ನ ಕೇಳಿದರೆ ಹಲ್ಲಿರುವ ನಿಯಮ ಸದ್ಯಕ್ಕೆ ಒಂದೇ, ಯುರೋಪಿಯನ್ ಒಕ್ಕೂಟದ್ದು. ಕೊಳ್ಳುವವನು ಹಾಕಿದ ಷರತ್ತು ಅದು.

ಕಡತಪ್ರಿಯೆ

ಹೌದು, 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಒಕ್ಕೂಟದೊಳಗಿನ ಕಂಪನಿಗಳು ಅಳೆಯಬೇಕು, ಹುಡುಕಬೇಕು, ಗಡುವಿನೊಳಗೆ ದುರಸ್ತಿ ಮಾಡಬೇಕು. ಅಷ್ಟಾದರೆ ದೊಡ್ಡ ಸುದ್ದಿಯಲ್ಲ, ಯಾಕೆಂದರೆ ಯುರೋಪ್ ಬಳಸುವ ತೈಲ ಮತ್ತು ಅನಿಲದ ಬಹುಪಾಲು ಹೊರಗಿನಿಂದ ಬರುತ್ತದೆ, ಸೋರಿಕೆಯೂ ಹೊರಗೇ ಆಗುತ್ತದೆ. ಮುಖ್ಯವಾದದ್ದು ಆಮದಿನ ಕಲಮು. 2027ರ ಜನವರಿಯಿಂದ ಹೊಸ ಗುತ್ತಿಗೆಯ ಸರಕು ಬರುವ ಮೂಲದಲ್ಲೂ ಯುರೋಪಿಗೆ ಸರಿಸಮನಾದ ಅಳತೆ ಮತ್ತು ಪರಿಶೀಲನೆ ನಡೆಯುತ್ತಿದೆ ಅಂತ ಆಮದುದಾರ ತೋರಿಸಬೇಕು. 2030ರಿಂದ ಮೀಥೇನ್ ತೀವ್ರತೆಗೆ, ಅಂದರೆ ಉತ್ಪಾದನೆಗೆ ಹೋಲಿಸಿ ಎಷ್ಟು ಮೀಥೇನ್ ಬಿಟ್ಟರು ಅನ್ನುವುದಕ್ಕೆ, ಗರಿಷ್ಠ ಮಿತಿ.

ಈ ಕಲಮಿನ ಮೇಲೆ ಒತ್ತಡ ಬಿದ್ದಿರುವುದೂ ನಿಜ. ಅಮೆರಿಕ 2025ರಲ್ಲಿ ತಕರಾರು ಎತ್ತಿತು. ರಷ್ಯಾದ ಅನಿಲ ಬಿಡಬೇಕು, ಅಮೆರಿಕದ ದ್ರವೀಕೃತ ಅನಿಲ ಬೇಕು, ಅದರ ಮೇಲೆ ಷರತ್ತೂ ಹಾಕಬೇಕು. ಬ್ರಸೆಲ್ಸ್‌ನಲ್ಲಿ ಕೂತ ಒಕ್ಕೂಟದವರ ಇಕ್ಕಟ್ಟು ಅರ್ಥವಾಗುತ್ತದೆ.

ಒಣಮಾತು

ಒಂದು ಹಡಗಿನಲ್ಲಿ ಬರುವ ಅನಿಲ ಸಾವಿರಾರು ಬಾವಿಗಳದ್ದು, ಪೈಪಿನಲ್ಲೇ ಬೆರೆತುಹೋಗಿರುತ್ತದೆ. ಯಾವ ಅಣು ಯಾವ ಬಾವಿಯದು ಅಂತ ಹೇಗೆ ಹೇಳುತ್ತಾರೆ? ಕಾಗದ ತಯಾರಿಸುವ ಹೊಸ ಉದ್ಯಮ ಹುಟ್ಟುತ್ತದೆ ಅಷ್ಟೇ.

ಜಮಾಖರ್ಚು

ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಪ್ರಮಾಣಪತ್ರದ ವ್ಯಾಪಾರ ಶುರುವಾಗುವ ಅಪಾಯ ಇದ್ದೇ ಇದೆ. ಆದರೂ ಕೊಳ್ಳುವವನು ಮುಖ ತಿರುಗಿಸಿದರೆ ಮಾರುವವನು ಎಷ್ಟು ಬೇಗ ಎಚ್ಚರಾಗುತ್ತಾನೆ ಅನ್ನುವುದಕ್ಕೆ 2020 ನೋಡಿ. ಫ್ರಾನ್ಸಿನ ಎಂಜಿ ಕಂಪನಿ ಟೆಕ್ಸಸ್‌ನಿಂದ ದ್ರವೀಕೃತ ಅನಿಲ ತರಿಸುವ ಶತಕೋಟಿಗಟ್ಟಲೆ ಡಾಲರ್‌ಗಳ ಮಾತುಕತೆಯಿಂದ ಹಿಂದೆ ಸರಿಯಿತು. ಮೂಲದ ಮೀಥೇನ್ ಬಗ್ಗೆ ಫ್ರಾನ್ಸ್ ಸರ್ಕಾರಕ್ಕಿದ್ದ ಆತಂಕ ಅದರ ಹಿಂದೆ ಇತ್ತು. ಅದಾದ ಮೇಲೆ ಅಮೆರಿಕದ ರಫ್ತುದಾರರ ಬಾಯಲ್ಲಿ ಮೀಥೇನ್ ಮಾತು ಜೋರಾಯಿತು.

ಪ್ರಶ್ನೆಗಾರ

ನಿಯಮ ಹಾಕಿದರೆ ನಿಜಕ್ಕೂ ಸೋರಿಕೆ ಇಳಿಯುತ್ತದೆ ಅನ್ನುವುದಕ್ಕೆ ಅಳೆದು ನೋಡಿದ ಪುರಾವೆ ಏನಾದರೂ ಇದೆಯೇ? ಅಥವಾ ಎಲ್ಲಾ ಆಶಯವೇ?

ಗಾಳಿಮಾಪಕ

ಪರ್ಮಿಯನ್‌ಗೇ ವಾಪಸ್ ಹೋಗಿ. ಒಂದೇ ಬಂಡೆ, ಒಂದೇ ತೈಲ, ಎಷ್ಟೋ ಕಡೆ ಕಂಪನಿಗಳೂ ಅವೇ. ನಡುವೆ ರಾಜ್ಯದ ಗೆರೆ. ನ್ಯೂ ಮೆಕ್ಸಿಕೋ 2021ರಲ್ಲಿ ನಿಯಮ ಮಾಡಿತು: 2026ರ ಕೊನೆಯೊಳಗೆ ಹೊರತೆಗೆದ ಅನಿಲದಲ್ಲಿ ಶೇ 98 ಹಿಡಿಯಲೇಬೇಕು, ವಾಡಿಕೆಯ ಫ್ಲೇರಿಂಗ್ ಇಲ್ಲ. ಟೆಕ್ಸಸ್‌ನಲ್ಲಿ ಅಷ್ಟು ಬಿಗಿ ಇಲ್ಲ. ಮೇಲಿನಿಂದ ಅಳೆದಾಗ ಉತ್ಪಾದನೆಗೆ ಹೋಲಿಸಿ ನ್ಯೂ ಮೆಕ್ಸಿಕೋ ಬದಿಯ ಸೋರಿಕೆ ಟೆಕ್ಸಸ್ ಬದಿಯದ್ದಕ್ಕಿಂತ ಅರ್ಧಕ್ಕೂ ಕಡಿಮೆ. ನ್ಯೂ ಮೆಕ್ಸಿಕೋದ ಉಪಕರಣಗಳು ಹೊಸವು ಅನ್ನುವ ಕಾರಣವೂ ಸೇರಿರಬಹುದು, ಎಲ್ಲ ಶ್ರೇಯ ನಿಯಮಕ್ಕೇ ಕೊಡುವುದಿಲ್ಲ. ಈ ನಡುವೆ ಅಲ್ಲಿ ತೈಲ ಉತ್ಪಾದನೆ ಏರಿದೆ, ನಿಯಮ ಬಂದರೆ ಉದ್ಯಮ ಓಡಿಹೋಗುತ್ತದೆ ಅಂದವರ ಭವಿಷ್ಯವಾಣಿ ಸುಳ್ಳಾಯಿತು.

ನಾರ್ವೆ ಇನ್ನೂ ಹಳೆಯ ಕಥೆ. 1970ರ ದಶಕದ ಆರಂಭದಿಂದಲೇ ಸುರಕ್ಷತೆಗಲ್ಲದೆ ಅನಿಲ ಸುಡುವಂತಿಲ್ಲ, 1991ರಿಂದ ಸುಟ್ಟದ್ದಕ್ಕೆ ತೆರಿಗೆ. ಉತ್ಪಾದನೆಗೆ ಹೋಲಿಸಿದರೆ ಮೀಥೇನ್ ಅತಿ ಕಡಿಮೆ ಬಿಡುವ ದೇಶಗಳಲ್ಲಿ ಅದೂ ಒಂದು.

ಒಣಮಾತು

ನಾರ್ವೆಯಲ್ಲಿ ಇರುವುದು ಕೆಲವೇ ದೊಡ್ಡ ವೇದಿಕೆಗಳು. ಅಮೆರಿಕದ ಲಕ್ಷಾಂತರ ಮುದಿ ಬಾವಿಗಳಿಗೆ ಅದನ್ನು ಹೋಲಿಸಬೇಡಿ. ದಿನಕ್ಕೆ ಎರಡು ಬ್ಯಾರಲ್ ಕೊಡುವ ಬಾವಿಗೆ ಅನಿಲ ಕಾಣಿಸುವ ಕ್ಯಾಮೆರಾ ಹಿಡಿದು ತಪಾಸಣೆ ಅಂದರೆ ಮಾಲೀಕ ಬೀಗ ಹಾಕಿ ಹೋಗುತ್ತಾನೆ.

ಸ್ಪ್ಯಾನರ್

ಹೋದರೆ ಒಳ್ಳೆಯದೇ, ಸರಿಯಾಗಿ ಮುಚ್ಚಿ ಹೋದರೆ. ದಿನಕ್ಕೆ ಹದಿನೈದು ಬ್ಯಾರಲ್‌ಗಿಂತ ಕಡಿಮೆ ಕೊಡುವಂಥವು ಅಮೆರಿಕದ ಬಾವಿಗಳಲ್ಲಿ ಹತ್ತರಲ್ಲಿ ಎಂಟು. ಉತ್ಪಾದನೆಯಲ್ಲಿ ಅವುಗಳ ಪಾಲು ಶೇ 6, ಬಾವಿ ಜಾಗಗಳ ಮೀಥೇನ್‌ನಲ್ಲಿ ಸುಮಾರು ಅರ್ಧ. ಹಾಲು ಕೊಡದ ಹಸುವಿಗೆ ಹೊಟ್ಟೆ ಮಾತ್ರ ದೊಡ್ಡದು.

ಆದರೆ ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ. ಮಾಲೀಕ ಬಾವಿ ಮುಚ್ಚದೆ ದಿವಾಳಿ ಎದ್ದರೆ ಅದು ಅನಾಥ ಬಾವಿ, ಖರ್ಚು ಸರ್ಕಾರದ್ದು. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಇಂಥವನ್ನು ಮುಚ್ಚಲೆಂದೇ 470 ಕೋಟಿ ಡಾಲರ್ ಇಟ್ಟರು. ಕೊರೆಯುವ ದಿನವೇ ಮುಚ್ಚುವ ದುಡ್ಡನ್ನು ಪೂರ್ತಿ ಠೇವಣಿ ಕಟ್ಟಿಸಿಕೊಳ್ಳದೆ ಸಣ್ಣವರ ಮೇಲೆ ನಿಯಮ ಬಿಗಿ ಮಾಡಿದರೆ ಬಾವಿ ಸೋರುತ್ತಲೇ ಇರುತ್ತದೆ, ಮಾಲೀಕ ಮಾತ್ರ ಸಿಗುವುದಿಲ್ಲ.

2024ರ ನಿಯಮ ಇದನ್ನು ಸ್ವಲ್ಪ ಗಮನಿಸಿತ್ತು. ಸಣ್ಣ ಒಂಟಿ ಬಾವಿಗೆ ಕ್ಯಾಮೆರಾ ಕಡ್ಡಾಯವಿಲ್ಲ, ಮೂರು ತಿಂಗಳಿಗೊಮ್ಮೆ ಹೋಗಿ ಕಿವಿ, ಕಣ್ಣು, ಮೂಗಿನಿಂದ ಪರೀಕ್ಷಿಸಿದರೆ ಸಾಕು. ಕಿವಿಯನ್ನು ಕಡೆಗಣಿಸಬೇಡಿ. ಒಳ್ಳೆಯ ಸೋರಿಕೆ ಹತ್ತು ಮಾರು ದೂರಕ್ಕೆ ಕೇಳುತ್ತದೆ.

ಜಮಾಖರ್ಚು

ಎಲ್ಲರಿಗೂ ಒಂದು ಪ್ರಶ್ನೆ. ಅಮೆರಿಕದ ಆ ನಿಯಮಗಳ ಕಟ್ಟಿನಲ್ಲಿ ಒಂದೇ ಒಂದು ಅಂಶ ಉಳಿಸಿಕೊಳ್ಳಿ ಅಂದರೆ ಯಾವುದು? ನನ್ನದು ಶುಲ್ಕ. ಟನ್‌ಗೆ 1,500 ಡಾಲರ್ ಅಂದರೆ ವಾಹಾದಲ್ಲಿ ಬೆಲೆ ಸೊನ್ನೆಗಿಂತ ಕೆಳಗಿದ್ದ ದಿನವೂ ಸೋರಿಕೆಗೆ ಒಂದು ಬೆಲೆ ಇರುತ್ತದೆ. ಮೊದಲ ಪೋಸ್ಟಿನ ಪ್ರಶ್ನೆ ಆಗ ಹುಟ್ಟುವುದೇ ಇಲ್ಲ.

ಕಡತಪ್ರಿಯೆ

ನನ್ನದು ವರದಿ ಕಟ್ಟುಪಾಡು, ಅಳತೆ ಆಧಾರಿತವಾದದ್ದು. ಶುಲ್ಕ ಯಾವುದರ ಮೇಲೆ ಹಾಕುತ್ತೀರಿ, ಲೆಕ್ಕವೇ ಇಲ್ಲದಿದ್ದರೆ?

ಗಾಳಿಮಾಪಕ

ಕಡತಪ್ರಿಯೆ ಮೇಡಂ ಜೊತೆ ನಾನೂ.

ಸ್ಪ್ಯಾನರ್

ಕಂಟ್ರೋಲರ್. ಅಳೆಯುವುದೂ ಬೇಡ, ವಾದವೂ ಬೇಡ. ಅನಿಲದ ಬದಲು ಸಂಕುಚಿತ ಗಾಳಿಯಲ್ಲೋ, ಸೌರ ಫಲಕ ಹಾಕಿ ವಿದ್ಯುತ್ತಿನಲ್ಲೋ ವಾಲ್ವ್ ಆಡಿಸಿ. ಒಮ್ಮೆ ಬದಲಿಸಿದರೆ ಸರ್ಕಾರ ಬದಲಾದರೂ ಯಾರೂ ಹಳೆಯದನ್ನು ತಂದು ಕೂರಿಸುವುದಿಲ್ಲ.

ಒಣಮಾತು

ಸ್ಪ್ಯಾನರ್ ಹೇಳಿದ್ದಕ್ಕೆ ನನ್ನ ವಿರೋಧವಿಲ್ಲ. ಶುಲ್ಕಕ್ಕೆ ಇದೆ, ಮೀಟರ್ ತೋರಿಸಿದ ಮೇಲೆ ಮಾತಾಡೋಣ.